ನಿಮಗಿದು ಗೊತ್ತೆ? ಬಿಸಿಗೆ ಉಬ್ಬಿ ಬಾಗಿಲ ಸಂದು ಮುಚ್ಚುವ ಪಟ್ಟಿ

ಅಗ್ನಿನಿರೋಧಕ ಬಾಗಿಲಿನ ಅಂಚಿಗೆ ಕೂರಿಸುವ ತೆಳು ಪಟ್ಟಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ, ಅದರೊಳಗಿನ ಗ್ರಾಫೈಟ್ ಹಲವು ಪಟ್ಟು ಉಬ್ಬಿ ಸಂದನ್ನು ಮುಚ್ಚಿಬಿಡುತ್ತದೆ!

ಆದರೆ ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ. ಬೆಂಕಿಯಿಂದ ದೂರ ಬಂದ ಹೊಗೆ ಅಷ್ಟು ಬಿಸಿಯಿರದು. ಪಟ್ಟಿ ಉಬ್ಬುವ ಮೊದಲೇ ನುಸುಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ಮೇಲ್ಮಹಡಿಗಳಿಗೆ ಹೊಗೆ ನುಗ್ಗಿತು. ಆ ದುರಂತದಲ್ಲಿ 9 ಜನ ಸತ್ತರು. ಹಾಗಾಗಿ ಮಲಗುವ ಕೋಣೆಗೆ ಬ್ರಷ್ ಅಥವಾ ರಬ್ಬರ್ ಅಂಚೂ ಇರುವ ಜೋಡಿ ಪಟ್ಟಿಯೇ ಸರಿ. ಬ್ರಷ್ ಮೇಲೆ ಪೇಂಟ್ ಬಳಿಯಬಾರದು, ಎಳೆಗಳು ಗಟ್ಟಿಯಾಗಿ ಕೆಲಸ ಕೆಡುತ್ತದೆ.

ಕೆ. ಹೊಸಕೋಟೆ, ಆಲೂರು, ಸಕಲೇಶಪುರದ ಕಡೆಯವರು ಇನ್ನೊಂದು ಗಮನಿಸಬೇಕು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಆಗಲೇ ಉಜ್ಜುಗೊರಡು ಆಡಿಸಿದರೆ ಬೇಸಿಗೆಗೆ ಸಂದು ಅಗಲವಾಗುತ್ತದೆ. ಮೇಲೂ ಪಕ್ಕದಲ್ಲೂ ಸಂದು 3 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ಪಟ್ಟಿ ಕೊಳ್ಳುವ ಮುನ್ನ ಬೇಸಿಗೆಯಲ್ಲೊಮ್ಮೆ ಅಳೆದು ನೋಡಿ. ಸಾಧಾರಣ ಬಾಗಿಲಿಗೆ ಪಟ್ಟಿ ಹಚ್ಚಿದ ಮಾತ್ರಕ್ಕೆ ಅದು ಅಗ್ನಿನಿರೋಧಕ ಬಾಗಿಲಾಗುವುದಿಲ್ಲ.