ನಿಮಗಿದು ಗೊತ್ತೆ? ಡಿಸ್ಕ್ ಬಂತೆಂದು ಕಂಪ್ಯೂಟರ್‌ಗೆ ತಿಳಿಯುವುದು ಹೇಗೆ

1985ರಲ್ಲಿ ಬಂದ ಅಮಿಗಾ ಕಂಪ್ಯೂಟರ್, ಫ್ಲಾಪಿ ಇಲ್ಲದಾಗ ಕೆಲವು ಸೆಕೆಂಡಿಗೊಮ್ಮೆ ‘ಟಿಕ್’ ಎನ್ನುತ್ತಿತ್ತು. ಅದರ ಡ್ರೈವ್‌ನಲ್ಲಿ ಡಿಸ್ಕ್ ಬದಲಾದ ಸಂಕೇತ, ಓದುವ ಹೆಡ್ ಒಂದು ಹೆಜ್ಜೆ ಸರಿದ ಮೇಲಷ್ಟೇ ಹೊಸದಾಗುತ್ತಿತ್ತು. ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಖಾಲಿ ಡ್ರೈವ್‌ನ ಹೆಡ್ಡನ್ನು ಮತ್ತೆ ಮತ್ತೆ ಅಲುಗಿಸಿ ‘ಬಂದೆಯಾ?’ ಎಂದು ವಿಚಾರಿಸುತ್ತಿತ್ತು.

ಇಂದಿನ ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿದೊಡನೆ ಅದರ ತಿರುಳಾದ ಕರ್ನೆಲ್ಲೇ ಸುದ್ದಿ ಕಳಿಸುತ್ತದೆ. ‘ಯುಡೆವ್’ ಎಂಬ ಹಿನ್ನೆಲೆ ಸೇವೆ ಅದನ್ನು ಕೇಳಿಸಿಕೊಂಡು, ನಾವು ಬರೆದಿಟ್ಟ ನಿಯಮಕ್ಕೆ ಹೊಂದಿದರೆ ನಮ್ಮ ಸ್ಕ್ರಿಪ್ಟನ್ನು ಓಡಿಸುತ್ತದೆ. ನಿಯಮದಲ್ಲಿ ಡಿಸ್ಕ್‌ನ ಯುಯುಐಡಿ ಗುರುತು ಕೊಟ್ಟರೆ ಸಾಕು, ಬ್ಯಾಕಪ್ ಡಿಸ್ಕ್ ಹಾಕಿದಾಗ ಮಾತ್ರ ಮನೆಯ ಫೋಟೊಗಳು ತಾವಾಗಿ ನಕಲಾಗುತ್ತವೆ. ಎಷ್ಟು ಅಂದದ ಏರ್ಪಾಡು! ಒಂದು ಎಚ್ಚರ ಬೇಕು: ಹೆಚ್ಚು ಹೊತ್ತು ಹಿಡಿಯುವ ಕೆಲಸವನ್ನು ಯುಡೆವ್ ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಕಲಿಸುವ ಹೊಣೆಯನ್ನು ಸೇವೆಗಳನ್ನು ನಡೆಸುವ ‘ಸಿಸ್ಟಮ್‌ಡಿ’ಗೆ ದಾಟಿಸಬೇಕು.

ಡಿಸ್ಕ್‌ನೊಳಗಿನ ಆಜ್ಞೆಯನ್ನೇ ನಂಬಿ ಓಡಿಸುವುದು ಮಾತ್ರ ಅಪಾಯ. ವಿಂಡೋಸ್ 95ರೊಂದಿಗೆ ಬಂದ ‘ಆಟೋರನ್’ ಸೌಲಭ್ಯ, ಸಿಡಿಗಳ ವಿಷಯದಲ್ಲಿ ಹಾಗೆಯೇ ಮಾಡುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕಂಪ್ಯೂಟರ್ ಹುಳ ಪೆನ್‌ಡ್ರೈವ್‌ಗಳ ಮೂಲಕ ಹಬ್ಬಲು ಅದೇ ಆಟೋರನ್ನನ್ನು ಬಳಸಿಕೊಂಡಿತು. 2011ರ ಫೆಬ್ರುವರಿಯಲ್ಲಿ ಮೈಕ್ರೊಸಾಫ್ಟ್, ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾಗಳಲ್ಲಿ ಪೆನ್‌ಡ್ರೈವ್‌ಗೆ ಆ ಬಾಗಿಲು ಮುಚ್ಚಿತು.