ಕೋಟೆಯಾಗಿದ್ದ ಮನೆ

ಅಮೆರಿಕದ ಓಹಾಯೋ ರಾಜ್ಯದ ವಾಷಿಂಗ್ಟನ್ ಕೌಂಟಿ ನಮ್ಮ ಜಿಲ್ಲೆಯಂಥ ಒಂದು ವಿಭಾಗ. ಮಸ್ಕಿಂಗಮ್ ನದಿಯು ಓಹಾಯೋ ನದಿಯನ್ನು ಕೂಡುವೆಡೆಯಲ್ಲಿರುವ ಮರಿಯೆಟ್ಟಾ ಅದರ ಕೇಂದ್ರ. 1788ರ ಏಪ್ರಿಲ್ 7ರಂದು ರೂಫಸ್ ಪಟ್ನಮ್ ಅವರ ಮುಂದಾಳ್ತನದಲ್ಲಿ 48 ಮಂದಿ ಇಲ್ಲಿಗೆ ಬಂದು ನೆಲೆಯೂರಿದರು. 1785ರ ಭೂಶಾಸನದಂತೆ ಪ್ರತಿ ಊರಿನ 36 ಭಾಗಗಳಲ್ಲಿ 16ನೆಯದು ಶಾಲೆಗೆ ಮೀಸಲು; ಮೆಚ್ಚತಕ್ಕ ಏರ್ಪಾಡೇ ಸರಿ. ಆದರೆ ಹಂಚಿದ ನೆಲ ಹಂಚಿದವರದಾಗಿರಲಿಲ್ಲ. ಲೆನಾಪೆ, ಶಾವ್ನೀ ಮೊದಲಾದ ಮೂಲನಿವಾಸಿಗಳಲ್ಲಿ ಅನೇಕರು ಅದನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಆದ್ದರಿಂದಲೇ ವಲಸಿಗರು ಮನೆಗಳನ್ನು ಒತ್ತೊತ್ತಾಗಿ ಚೌಕದಲ್ಲಿ ಕಟ್ಟಿ, ಅವುಗಳ ಹೊರಗೋಡೆಯನ್ನೇ ಕೋಟೆಯಾಗಿಸಿಕೊಂಡರು. 1795ರ ಗ್ರೀನ್‌ವಿಲ್ ಒಪ್ಪಂದದಿಂದ ಮೂಲನಿವಾಸಿಗಳು ಓಹಾಯೋದ ಬಹುಭಾಗವನ್ನು ಕಳೆದುಕೊಂಡ ಬಳಿಕ ಕೋಟೆಯನ್ನು ಕಳಚಲಾಯಿತು. ಪಟ್ನಮ್ ಅವರ ಮರದ ಮನೆ ಮಾತ್ರ ಕದಲದೆ ಉಳಿದು, ಇಂದು ವಸ್ತುಸಂಗ್ರಹಾಲಯದ ಗೋಡೆಗಳೊಳಗೆ ಮೊದಲಿನ ಸ್ಥಳದಲ್ಲಿಯೇ ನಿಂತಿದೆ.