ಡಾ|| ಸುಬ್ಬರಾಯರ ಪ್ರಬಂಧಗಳು

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನು ರಕ್ತರೋಗಗಳ ವಿಚಾರ ಬರೆಯಹೊರಟದ್ದೇಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೇ. ಕಳೆದ ವರ್ಷ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ರಕ್ತ ಕಡಿಮೆಯಿದೆಯೆಂದು ಆಶಾ ಕಾರ್ಯಕರ್ತೆಯು ಕೆಂಪು ಮಾತ್ರೆಗಳನ್ನು ಕೊಟ್ಟು ಹೋದರು. ಅವನ್ನು ನುಂಗಿದರೆ ಮಗು ಕಪ್ಪಾಗುವುದೆಂದು ಅವ್ವ ಅಟ್ಟದ ಮೇಲೆ ಇಟ್ಟುಬಿಟ್ಟಳು. ಕಾಲೇಜಿನ ಮೆಟ್ಟಿಲು ಹತ್ತಿದವನು ನಮ್ಮ ಮನೆಯಲ್ಲಿ ನಾನೊಬ್ಬನೇ. ನಿರ್ಣಯ ನನ್ನ ಪಾಲಿಗೆ ಬಂತು. ಮಾತ್ರೆಯ ಹಾಳೆಯ ಮೇಲೆ ಕಬ್ಬಿಣ, ಫೋಲಿಕ್ ಆಮ್ಲ ಎಂದು ಬರೆದಿತ್ತು. ಕಬ್ಬಿಣ ಗೊತ್ತಿತ್ತು, ಫೋಲಿಕ್ ಆಮ್ಲ ಗೊತ್ತಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ದೊರೆತವರು ಯಲ್ಲಾಪ್ರಗಡ ಸುಬ್ಬರಾಯರು.

ಸುಬ್ಬರಾಯರು 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಸಲ! ಇವರ ಅಣ್ಣ 'ಸ್ಪ್ರೂ' ಎಂಬ ಕರುಳಿನ ಬೇನೆಯಿಂದ ತೀರಿಕೊಂಡರು. ಈ ಬೇನೆಯಲ್ಲಿ ಉಂಡ ಅನ್ನ ಮೈಗೆ ಹತ್ತದೆ ರಕ್ತಹೀನತೆ ಉಂಟಾಗುತ್ತದೆ. ಸುಬ್ಬರಾಯರು ಮದರಾಸಿನಲ್ಲಿ ವೈದ್ಯವಿದ್ಯೆ ಮುಗಿಸಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿ ಸೈರಸ್ ಫಿಸ್ಕರೊಡನೆ ಪ್ರಕಟಿಸಿದ ಪ್ರಬಂಧಗಳೇ ಅವರ ಮೊದಲ ಕೀರ್ತಿ. 1925ರಲ್ಲಿ ರಂಜಕವನ್ನು ಅಳೆಯುವ ವಿಧಾನ, 1927ರಲ್ಲಿ ಸ್ನಾಯುವಿನೊಳಗಿನ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಜೀವಕೋಶಗಳಿಗೆ ಶಕ್ತಿಯೊದಗಿಸುವ ಎ.ಟಿ.ಪಿ. ಇವುಗಳ ಮೇಲೆಲ್ಲ ಇಬ್ಬರ ಹೆಸರೂ ಉಂಟು.

ಇತ್ತ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಬಸುರಿಯರ ರಕ್ತಹೀನತೆಯನ್ನು ಅಭ್ಯಸಿಸುತ್ತಿದ್ದರು. ಅಗ್ಗದ ಯೀಸ್ಟ್ ಸಾರವನ್ನು ತಿನ್ನಿಸಿದರೆ ಅದು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಸಾರದೊಳಗಿನ ಸತ್ವ ಯಾವುದೆಂಬುದು ಆಗ ತಿಳಿಯದು. 1941ರಲ್ಲಿ ಬೇರೆ ಸಂಶೋಧಕರು ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ತೆಗೆದು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಯೀಸ್ಟಿನ ಸತ್ವವೂ ಇದೇ ಎಂದು ಮುಂದೆ ತಿಳಿದುಬಂತು. ಸುಬ್ಬರಾಯರು 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದ್ದರು. ಆ ಆಮ್ಲದ ರಚನೆಯನ್ನೂ ತಯಾರಿಕೆಯನ್ನೂ ವಿವರಿಸುವ ಅಲ್ಲಿನ ಪ್ರಬಂಧ 1946ರಲ್ಲಿ ಬಂತು. ಅದರ ಮೇಲಿರುವ 16 ಹೆಸರುಗಳಲ್ಲಿ ಅವರದೂ ಒಂದು.

ಮುಂದಿನ ಹೆಜ್ಜೆ ವಿಚಿತ್ರವಾದುದು. ಹೊಸ ರಕ್ತಕಣಗಳು ಹುಟ್ಟಲು ಫೋಲಿಕ್ ಆಮ್ಲ ಬೇಕು. ರಕ್ತದ ಕ್ಯಾನ್ಸರಿನಲ್ಲಿ ಮಿತಿಯಿಲ್ಲದೆ ಹೆಚ್ಚುವ ಕಣಗಳಿಗೂ ಅದೇ ಬೇಕು. ಹಾಗಾದರೆ ಅದನ್ನೇ ಹೋಲುವ ಸುಳ್ಳು ವಸ್ತುವನ್ನು ಕೊಟ್ಟರೆ? ಅದು ನಿಜವಾದುದರ ಸ್ಥಾನದಲ್ಲಿ ಕುಳಿತು ಕೆಲಸವನ್ನು ತಡೆಯುತ್ತದೆ. ಕಣಗಳ ಬೆಳವಣಿಗೆ ನಿಲ್ಲುತ್ತದೆ. ಸುಬ್ಬರಾಯರ ಕೈಕೆಳಗಿನವರು ಲೆಡರ್ಲೆಯಲ್ಲಿ ಇಂಥ ವಸ್ತುಗಳನ್ನು ತಯಾರಿಸಿದರು. ಅವುಗಳಲ್ಲೊಂದಾದ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. ಚೇತರಿಕೆ ತಾತ್ಕಾಲಿಕ, ರೋಗ ಮರುಕಳಿಸಿತು. ಆದರೂ ಅದುವರೆಗೆ ಯಾವ ಮದ್ದಿಗೂ ಬಗ್ಗದಿದ್ದ ರೋಗವದು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ಆ ಪ್ರಬಂಧಕ್ಕೆ ಐವರು ಲೇಖಕರು. ಸುಬ್ಬರಾಯರ ಹೆಸರು ಅವರಲ್ಲಿಲ್ಲ. ಅದೇ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅಮಿನಾಪ್ಟೆರಿನ್ನಿನ ಸೋದರವಸ್ತುವಾದ ಮೆಥೊಟ್ರೆಕ್ಸೇಟನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ.

ಇದು ಅನ್ಯಾಯವೆಂದು ನಾನು ಹೇಳಹೊರಟಿಲ್ಲ. ಮಕ್ಕಳ ಹಾಸಿಗೆಯ ಬಳಿ ನಿಂತು ಚಿಕಿತ್ಸೆ ಮಾಡಿದವರು ಬಾಸ್ಟನ್ನಿನ ವೈದ್ಯರೇ. ಆದರೆ ವಿದ್ವಾಂಸನೊಬ್ಬನ ಪ್ರಬಂಧಗಳ ಪಟ್ಟಿಯನ್ನು ಎಣಿಸಿ ಅವನ ಬೆಲೆ ಕಟ್ಟುವ ನಮ್ಮ ಅಭ್ಯಾಸ ಸಾಲದು. ಒಂದು ಪ್ರಬಂಧ ಯಾವುದರ ಹೆಗಲ ಮೇಲೆ ನಿಂತಿದೆಯೆಂಬುದನ್ನೂ ನೋಡಬೇಕು. ಬರುವ ವರ್ಷ ನನಗೆ ದೊರೆಯಬಹುದಾದ ಪದವಿಪತ್ರದಲ್ಲಿ ನನ್ನ ಹೆಸರೊಂದೇ ಇರುತ್ತದೆ. ಕೂಲಿ ಮಾಡಿ ನನ್ನ ಶುಲ್ಕ ತುಂಬಿದ ಅಪ್ಪನ ದುಡಿಮೆಗೆ ಅದರಲ್ಲಿ ಜಾಗವಿಲ್ಲ. ಸುಬ್ಬರಾಯರ ಪಟ್ಟಿಯನ್ನು ಓದುವಾಗ ನನಗೆ ಹೊಳೆದದ್ದು ಇದೇ.

ಅವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. "ಇದು ಸೊಪ್ಪಿನ ಸತ್ವ ಕಣವ್ವ. ಸೊಪ್ಪು ತಿಂದವರಿಗೆ ಹಸಿರು ಮಗು ಹುಟ್ಟೀತೇ?" ಎಂದು ಕೇಳಿದೆ. ಅವ್ವ ನಕ್ಕಳು. ಆ ರಾತ್ರಿಯೇ ಮಾತ್ರೆಗಳನ್ನು ಅಟ್ಟದಿಂದ ಇಳಿಸಿ ಅಕ್ಕನ ಕೈಗಿತ್ತಳು.